ಹದ್ದು ಕಾಣುವ ಗಂಡಸರು

ಫೆಬ್ರವರಿ 9

ಮಗುವಿಗೆ ಸ್ನಾನ ಮಾಡಿಸೋಣವೆಂದು ಹೋದರೆ ಅವಳ ತೊಟ್ಟಿಯಲ್ಲಿ ಫಿರಂಗಿಯ ಅಗುಳಿ ನೆನೆಯುತ್ತಿತ್ತು. ಎಪ್ಪತ್ತು ವರ್ಷ ಯಾರದೋ ಕೆರೆಯ ಕೆಸರಲ್ಲಿ ಹಾಯಾಗಿ ಬಿದ್ದಿದ್ದ ಕಬ್ಬಿಣಕ್ಕೆ ನನ್ನ ಬಟ್ಟೆಸೋಡಾ, ನನ್ನ ಬಿಸಿನೀರು, ನನ್ನ ಮಗಳ ತೊಟ್ಟಿ. ಮಾವ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು ಅದರ ಬೆನ್ನು ಉಜ್ಜುತ್ತಿದ್ದರು. ಮೊಮ್ಮಗಳ ಬೆನ್ನನ್ನು ಅಷ್ಟು ಅಕ್ಕರೆಯಿಂದ ಮುಟ್ಟಿದ್ದನ್ನು ನಾನು ಕಂಡಿಲ್ಲ.

"ಎರಡೇ ನಿಮಿಷ ದೊರೆಸಾನಿ," ಅಂದರು. ಓಲೊಮೌತ್ಸ್ ನಗರದಲ್ಲಿ ಓದಿ ಬಂದವಳೆಂದು ಮದುವೆಯ ದಿನದಿಂದ ನನಗೆ ಇದೇ ಬಿರುದು.

"ಮಾವ, ಅದರಲ್ಲಿ ಮಗು ಮೀಯುತ್ತೆ."

"ಇದೂ ಮಗೂನೇ ಕಣಮ್ಮ. ದೊಡ್ಡ ಫಿರಂಗಿಯ ಮಗು."

ಮಾವನ ಹೆಸರು ಎರ್ವಿನ್ ಹಾಲ್ಫಾರ್. ನನ್ನ ಗಂಡ ವಿಲೇಮ್ ಅವರ ಒಬ್ಬನೇ ಮಗ. ವಾರವೆಲ್ಲ ಓಪಾವಾ ಪಟ್ಟಣದಲ್ಲಿ ಲಿಫ್ಟ್ ರಿಪೇರಿ ಮಾಡುತ್ತಾನೆ, ಉಳಿದ ಹೊತ್ತು ಅಪ್ಪನ ಜೊತೆ ಕೊಟ್ಟಿಗೆಯಲ್ಲಿ. ಅಲ್ಲಿ ಹಸುಗಳಿರಬೇಕಾದ ಜಾಗದಲ್ಲಿ ಅವರ ಬಂಡಿ ನಿಂತಿದೆ. ಜರ್ಮನ್ ಸಿಪಾಯಿಗಳನ್ನು ಹೊರುತ್ತಿದ್ದ ಬಂಡಿ: ಮುಂದೆ ಲಾರಿಯ ಹಾಗೆ ಚಕ್ರ, ಹಿಂದೆ ಟ್ಯಾಂಕಿನ ಹಾಗೆ ಸರಪಳಿ, ಮೇಲೆ ಶವಪೆಟ್ಟಿಗೆಯ ಆಕಾರದ ಉಕ್ಕಿನ ಒಡಲು. ಹೊಲ, ಕೆರೆ, ಹಂದಿಗೂಡು, ಗುಜರಿ ಸಂತೆ ಎಲ್ಲ ಕಡೆಯಿಂದ ತುಂಡು ತುಂಡಾಗಿ ಹೆಕ್ಕಿ ತಂದು ಜೋಡಿಸಿದ್ದಾರೆ. ಮಹಾಯುದ್ಧ ಹಾದುಹೋದ ಈ ಹ್ಲುಚಿನ್ ಸೀಮೆಯಲ್ಲಿ ಜನ ಅಣಬೆ ಹೆಕ್ಕುವುದಕ್ಕಿಂತ ತುಕ್ಕು ಹೆಕ್ಕುವುದೇ ಜಾಸ್ತಿ.

ಒಂದೇ ಸಮಾಧಾನ: ಅದು ಪೂರ್ತಿಯಾದ ದಿನ ಮಾರಾಟ. ಮಾರಿದ ದಿನ ನಾವು ಓಲೊಮೌತ್ಸಿಗೆ. ಅಮ್ಮನ ಮನೆಯ ಹತ್ತಿರ, ಆಸ್ಪತ್ರೆಯ ಬೀದಿಯಲ್ಲೇ ಮನೆ. ವಿಲೇಮ್ ಮಾತು ಕೊಟ್ಟಿದ್ದಾನೆ. ಜನವರಿಯಲ್ಲಿ ಹಾಲು ಗಂಟಲಿಗೆ ಸಿಕ್ಕಿ ಮಗಳು ಅಪೋಲೆನಾಳ ತುಟಿ ನೀಲಿಯಾದಾಗ ಕೊಟ್ಟ ಮಾತು. ರಸ್ತೆಯ ಮೇಲೆಲ್ಲ ಮಂಜು ಗಾಜಿನಂತೆ ಹೆಪ್ಪುಗಟ್ಟಿತ್ತು, ಆಂಬುಲೆನ್ಸ್ ತೆವಳಿಕೊಂಡು ಬಂತು. ಬರುವಷ್ಟರಲ್ಲಿ ಅವಳು ಸರಿಹೋಗಿದ್ದಳು. ನಾನು ಸರಿಹೋಗಿರಲಿಲ್ಲ.

ಬಂಡಿಗೆ ಇನ್ನು ಬಾಕಿ ಇರುವುದು ಒಂದು ಚಕ್ರ ಹಿಡಿಯುವ ತೋಳು. ಒಂದು ತೋಳು! ಮುರಿದುಕೊಂಡು ಕೊಡಬಹುದಾಗಿದ್ದರೆ ನನ್ನದೇ ಕೊಡುತ್ತಿದ್ದೆ.

ಫೆಬ್ರವರಿ 13

ನಿದ್ದೆ ಇಲ್ಲ. ಮಗುವಿನ ಹಾಸಿಗೆಯ ಕೆಳಗಿನ, ಉಸಿರು ನಿಂತರೆ ಎಚ್ಚರಿಸುವ ಉಸಿರಿನ ಯಂತ್ರ ಕಿರುಚಿತು. ಅವಳು ಮೂಲೆಗೆ ಜಾರಿದ್ದಳು, ಅಷ್ಟೇ. ಯಂತ್ರಕ್ಕೆ ಬುದ್ಧಿಯಿಲ್ಲ. ಆದರೂ ಅದರ ಹಸಿರು ದೀಪ ನೋಡದೆ ನಾನು ಹೊರಳುವುದಿಲ್ಲ. ದೀಪ ಮಿನುಗುತ್ತಿದ್ದರೂ ಬೆರಳನ್ನು ಅವಳ ಮೂಗಿನ ಕೆಳಗೆ ಇಟ್ಟು ನೋಡುತ್ತೇನೆ. ವಿಲೇಮ್ ಗೊರಕೆ ಹೊಡೆಯುತ್ತಾನೆ. ಅವನ ಉಸಿರಿನ ಬಗ್ಗೆ ಯಾರಿಗೂ ಅನುಮಾನ ಬರುವ ಹಾಗಿಲ್ಲ.

ಫೆಬ್ರವರಿ 20

ಇದನ್ನು ಬರೆಯಲು ನಾಚಿಕೆಯಾಗುತ್ತದೆ. ಬೆಳಿಗ್ಗೆಯಿಂದ ಅಳುತ್ತಿದ್ದ ಹುಡುಗಿ ಕೊಟ್ಟಿಗೆಯ ಬಾಗಿಲು ದಾಟುತ್ತಿದ್ದಂತೆ ಸುಮ್ಮನಾದಳು. ಒಳಗೆ ಗಾಳಿಪಂಪು ಗುರ್ರೆನ್ನುತ್ತಿತ್ತು, ಮಾವ ತಂತಿ ಬ್ರಷ್ಷಿನಲ್ಲಿ ಏನನ್ನೋ ಕೆರೆಯುತ್ತಿದ್ದರು. ನನ್ನ ಹಲ್ಲು ಜುಮ್ಮೆಂದಿತು. ಅವಳು ಕಣ್ಣುಮುಚ್ಚಿದಳು.

"ಹಾಲ್ಫಾರ್ ರಕ್ತ," ಅಂದರು ಮಾವ.

ನಾನು ಹಾಡಿದ್ದು, ತೂಗಿದ್ದು, ಪಕ್ಕದ ಮನೆಯ ಟ್ರೂಡ್ಲಾ ಅಜ್ಜಿ ಹೇಳಿದಳೆಂದು ಜೀರಿಗೆ ಕಷಾಯ ಕುಡಿದು ಕುಡಿದು ಹೊಟ್ಟೆ ಉಬ್ಬಿಸಿಕೊಂಡಿದ್ದು ಎಲ್ಲ ದಂಡ. ಮಗಳಿಗೆ ಬೇಕಾಗಿದ್ದದ್ದು ತುಕ್ಕು ಕೆರೆಯುವ ಸದ್ದು. ಮಗುವಿನ ತಳ್ಳುಗಾಡಿಯನ್ನು ಧೂಳು ತಾಗದ ಹಾಗೆ ಬಾಗಿಲ ಹೊರಗಿಟ್ಟು, ನಾನೂ ಕಂಬಳಿ ಹೊದ್ದು ಹೊಸ್ತಿಲಲ್ಲಿ ಕೂತೆ. ಕಾವಲು ನಾಯಿಯ ಹಾಗೆ.

ಮಾರ್ಚ್ 4

ದಿನವೂ ಹೊಸ್ತಿಲು. ಕೈ ಖಾಲಿಯಿದ್ದರೆ ಬರೀ ಅವಳ ಎದೆ ಏರುವುದನ್ನೇ ನೋಡುತ್ತೇನೆಂದು ವಿಲೇಮ್ ಒಂದು ಹಳೆಯ ಜರ್ಮನ್ ಬಿಡಿಭಾಗಗಳ ಪುಸ್ತಕದ ನಕಲು ತಂದು ಮಡಿಲಿಗೆ ಹಾಕಿದ. "ನಿಂಗೆ ಜರ್ಮನ್ ಬರುತ್ತಲ್ಲ. ನಮ್ಗೆ ಚಿತ್ರ ಮಾತ್ರ ಅರ್ಥ ಆಗುತ್ತೆ."

ಹೌದು, ಚಿತ್ರ ಮಾತ್ರ. ಅಪ್ಪ ಮಗ ಇಬ್ಬರೂ ಇಷ್ಟು ವರ್ಷ ಭಾಗಗಳನ್ನು ಗುರುತಿಸಿದ್ದು ಹೀಗೆ: ಚಿತ್ರದಲ್ಲಿ ಉದ್ದ ಇದೆ, ಇದೂ ಉದ್ದ ಇದೆ, ಅದೇ ಇದು. ನಾನು ಐದು ವರ್ಷ ಮಠಾಧಿಪತಿಗಳ ಅರಗಿನ ಮುದ್ರೆಗಳನ್ನು ಓರೆ ಬೆಳಕಲ್ಲಿ ಹಿಡಿದು ಓದುವುದನ್ನು ಕಲಿತವಳು. ಸವೆದ ಮುದ್ರೆಯನ್ನು ಎದುರಿನಿಂದ ನೋಡಿದರೆ ಏನೂ ಕಾಣುವುದಿಲ್ಲ ಅನ್ನುವುದೂ ಇವರಿಗೆ ಗೊತ್ತಿಲ್ಲ. ಯುದ್ಧಕಾಲದಲ್ಲಿ ಕಾರ್ಖಾನೆಗಳು ಹೆಸರು ಮುಚ್ಚಿಟ್ಟು ಮೂರು ಸಣ್ಣ ಅಕ್ಷರ ಒತ್ತುತ್ತಿದ್ದವು. ಪಕ್ಕದಲ್ಲಿ ಜರ್ಮನ್ ಸೈನ್ಯದ ಪರೀಕ್ಷಕ ಒತ್ತಿದ ಪುಟ್ಟ ಹದ್ದು, ಅದರಡಿ ಅಂಕಿ. ಅಷ್ಟು ಓದಿದರೆ ಎಲ್ಲಿಯದು, ಯಾವುದಕ್ಕೆ ಅಂತ ಅರ್ಧ ಕತೆ ಮುಗಿಯಿತು. ಇವರು ಓದುವುದಿಲ್ಲ. ಮುಟ್ಟುತ್ತಾರೆ.

"ನಂಗೆ ಕೈಯೇ ಕಣ್ಣು," ಅಂತಾರೆ ಮಾವ. "ಸೈನ್ಯದಲ್ಲಿ ಎರಡು ವರ್ಷ ಬರೀ ಗ್ರೀಸು ಹಚ್ಚಿದೀನಿ. ಕಬ್ಬಿಣ ನನ್ ಜೊತೆ ಮಾತಾಡುತ್ತೆ."

"ಅದಕ್ಕೂ ಮಾಡೋಕೆ ಬೇರೆ ಕೆಲಸ ಇಲ್ಲ ಪಾಪ," ಅಂದೆ. ನಕ್ಕರು. ಅವಮಾನ ಮಾಡಿದರೂ ನಗುವವರನ್ನು ಏನು ಮಾಡುವುದು?

ಮಾರ್ಚ್ 17

ಟ್ರೂಡ್ಲಾ ಅಜ್ಜಿಯ ಹಂದಿಗೂಡಿನ ಬಾಗಿಲ ತೊಲೆ ಉಕ್ಕಿನದು. ಅದರ ಮೇಲೆ ವಿಲೇಮನಿಗೆ ಬಹಳ ದಿನದಿಂದ ಕಣ್ಣು. "ಹುಲಿ ಟ್ಯಾಂಕಿನ ಒಡಲಿನ ಪಟ್ಟಿ ಅದು, ಹೆಡಾ. ಬರೆದಿಟ್ಕೋ."

ಈ ಊರಲ್ಲಿ ಯಾವ ತುಕ್ಕು ಸಿಕ್ಕಿದರೂ ಅದು ಹುಲಿ, ಜರ್ಮನರ ಹೆಸರಾಂತ ಭಾರಿ ಟ್ಯಾಂಕು. ಅಷ್ಟೊಂದು ಹುಲಿಗಳಿದ್ದಿದ್ದರೆ ಜರ್ಮನರು ಸೋಲುತ್ತಲೇ ಇರಲಿಲ್ಲ. ಮಗುವನ್ನು ಎದೆಗೆ ಕಟ್ಟಿಕೊಂಡು ಹೋಗಿ ನೋಡಿದೆ. ಒಂದು ತುದಿ ಚಪ್ಪಟೆಯಾಗಿ ಸಲಿಕೆಯಂತೆ ಬಾಗಿದೆ. ಗುಂಡು ಹಾರಿಸಿದಾಗ ಹಿಂದಕ್ಕೆ ಒದೆಯದಂತೆ ನೆಲಕ್ಕೆ ನಾಟುವ ಭಾಗ. ಫಿರಂಗಿಯ ಹಿಂಗಾಲು ಅದು, ಮಾಮೂಲಿ ಹಗುರ ಫಿರಂಗಿಯದು.

"ಅಜ್ಜಿ, ಇದು ಟ್ಯಾಂಕಲ್ಲ, ಫಿರಂಗಿ ಕಾಲು."

"ಏನಾದ್ರೂ ಆಗ್ಲಿ ಬಿಡೇ. ನಮ್ಮಪ್ಪ ಇಟ್ಟಿದ್ದು. ಹಂದಿ ಒಂದ್ಸಲಾನೂ ತಕರಾರು ಮಾಡಿಲ್ಲ." ಆಮೇಲೆ ಮಗುವಿನ ಕೆನ್ನೆ ಹಿಂಡಿ, "ತಾಯಿ ಮುಖದಲ್ಲಿ ರಕ್ತ ಇಲ್ಲ, ಇವಳ ಮುಖದಲ್ಲಿ ನೋಡು ಎಷ್ಟಿದೆ," ಅಂದಳು. ಒಂದು ತಟ್ಟೆ ಗಸಗಸೆ ತುಂಬಿದ ಕೊಲಾಚ್ ಬನ್ನು ಕೊಟ್ಟು ಕಳಿಸಿದಳು. ದಾರಿಯಲ್ಲೇ ಎಲ್ಲ ತಿಂದೆ.

ವಿಲೇಮ್ ಪುಸ್ತಕದ ಪುಟ ನೋಡಿ ತಲೆ ಕೆರೆದುಕೊಂಡ. "ಹುಲಿ ಅಲ್ವಾ?" ಅಂತ ಮತ್ತೊಮ್ಮೆ ಕೇಳಿದ, ಸತ್ತವರ ಬಗ್ಗೆ ಕೇಳುವ ದನಿಯಲ್ಲಿ.

ಏಪ್ರಿಲ್ 2

ತುಕ್ಕು ಹೆಕ್ಕುವವರ ಇಂಟರ್ನೆಟ್ ಗುಂಪಿನಲ್ಲಿ ಬ್ರ್ನೋ ನಗರದ ಯಾವನೋ ಒಬ್ಬ ಫಿರಂಗಿಯ ಧಕ್ಕೆ ತಡೆಯುವ ಉರುಳೆಯನ್ನು ಟ್ಯಾಂಕಿನ ಹೊಗೆಕೊಳವೆ ಅಂತ ಹಾಕಿದ್ದಾನೆ. ಅರವತ್ತು ಜನ ಚಪ್ಪಾಳೆ ತಟ್ಟಿದ್ದಾರೆ. ನಾಲ್ಕು ಸಾಲು ಬರೆದು ಅವನ ಬಾಯಿ ಮುಚ್ಚಿಸಿದೆ. ಅಪೋಲೆನಾ ತೊಡೆಯ ಮೇಲೆ ಮಲಗಿದ್ದಳು. ಹೊಗೆಕೊಳವೆಯಂತೆ! ಕಣ್ಣಿದ್ದೂ ಕುರುಡರು.

ಏಪ್ರಿಲ್ 12

ತೋಳು ಬಂತು.

ಗುಜರಿ ಸಂತೆಯಿಂದ ವಿಲೇಮ್ ಅದನ್ನು ಕಾರಿನ ಮುಂದಿನ ಸೀಟಿನಲ್ಲಿ ಬೆಲ್ಟ್ ಹಾಕಿ ಕೂರಿಸಿಕೊಂಡು ಬಂದ. ನಾನು ಆಸ್ಪತ್ರೆಯಿಂದ ಮಗು ತಂದ ದಿನವೂ ಇಷ್ಟು ನಿಧಾನವಾಗಿ ಓಡಿಸಿರಲಿಲ್ಲ. ಮಾವ ಕಣ್ಣುಮುಚ್ಚಿ ಅದರ ಮೇಲೆ ಅಂಗೈ ಆಡಿಸಿದರು. ಹೆಬ್ಬೆರಳು ಒಂದು ಗುಳಿಯಲ್ಲಿ ತಾನಾಗೇ ಹೋಗಿ ಕೂತಿತು.

"ಇದೇ. ಇಲ್ಲೇ ಗ್ರೀಸ್ ಬೀಳೋದು. ನಿದ್ದೇಲಿ ಕೊಟ್ರೂ ಗುರುತು ಹಿಡೀತೀನಿ."

"ಮುದ್ರೆ ಎಲ್ಲಿ?" ಅಂದೆ.

"ಇಲ್ನೋಡು, ಹದ್ದು. ಸವೆದಿದೆ. ಎರಡು ರೆಕ್ಕೆ ಕಾಣಲ್ವಾ?"

ತುಕ್ಕಿನ ವೃತ್ತದೊಳಗೆ ಓರೆಯಾದ ಎರಡು ಗೀರು. "ಮೂರಕ್ಷರ ಇಲ್ಲ," ಅಂದೆ.

"ಅಳಿಸಿರುತ್ತೆ. ಎಪ್ಪತ್ತು ವರ್ಷ ಆದ್ರೆ ನೀನೂ ಅಳಿಸಿರ್ತೀಯ."

ಅಪ್ಪ ಮಗ ತಬ್ಬಿಕೊಂಡರು. ಈಸ್ಟರ್ ಕಳೆದ ಮೇಲಿನ ಶನಿವಾರ ಪ್ರಾಗಿನಿಂದ ಇಂಜಿನಿಯರ್ ರಾಡಿಮ್ಸ್ಕಿ ಅನ್ನುವ ಸಂಗ್ರಹಕಾರ ಬಂದು ನೋಡುತ್ತಾನೆ. ಒಪ್ಪಿದರೆ ಅವತ್ತೇ ವ್ಯವಹಾರ. ಅವನ ಷರತ್ತು ಒಂದೇ: ಎಲ್ಲವೂ ಯುದ್ಧಕಾಲದ್ದಾಗಿರಬೇಕು. ಅಮ್ಮನಿಗೆ ಫೋನ್ ಮಾಡಿದೆ. ಆ ಮನೆ ಇನ್ನೂ ಖಾಲಿ ಇದೆಯಂತೆ, ಕಿಟಕಿಯಿಂದ ಆಸ್ಪತ್ರೆಯ ಬಾಗಿಲು ಕಾಣುತ್ತದಂತೆ.

ಏಪ್ರಿಲ್ 21, ಈಸ್ಟರ್ ಸೋಮವಾರ

ಇವತ್ತು ಈ ಊರಿನ ಗಂಡಸರಿಗೆ ಹೆಂಗಸರ ಮೇಲೆ ನೀರು ಸುರಿಯುವ ಹಕ್ಕು. ನೀರು ಬಿದ್ದವಳು ವರ್ಷವಿಡೀ ಬಾಡುವುದಿಲ್ಲವಂತೆ. ಬಾಡಿಸುವವರೂ ಇವರೇ, ನೀರು ಹಾಕುವವರೂ ಇವರೇ. ಮಗುವಿಗೆ ಒಂದು ಹನಿ ತಾಗಿದರೂ ಕೈ ಮುರಿಯುತ್ತೇನೆಂದು ಮೊದಲೇ ಹೇಳಿದ್ದೆ. ಅದಕ್ಕೆ ಅವಳ ಹಣೆಗೆ ಒದ್ದೆ ಬೆರಳು ಮುಟ್ಟಿಸಿ ಶಾಸ್ತ್ರ ಮುಗಿಸಿದರು. ನನ್ನನ್ನು ಮಾತ್ರ ಕೊಟ್ಟಿಗೆಯಲ್ಲೇ ಹಿಡಿದರು. ವಿಲೇಮ್ ಪೂರ್ತಿ ಬಕೆಟ್ಟು ಎತ್ತಿದ. ನಾನು ಬಗ್ಗಿದೆ. ಅರ್ಧ ನನಗೆ, ಅರ್ಧ ಬೆಂಚಿನ ಮೇಲಿದ್ದ ತೋಳಿಗೆ.

"ಈಗ ಇಬ್ರೂ ಬಾಡಲ್ಲ!" ಎಂದು ಮಾವ ಕಣ್ಣಲ್ಲಿ ನೀರು ಬರುವಂತೆ ನಕ್ಕರು. ಪ್ಲಮ್ ಬ್ರಾಂದಿ ಕುಡಿಯಲು ಟ್ರೂಡ್ಲಾ ಅಜ್ಜಿಯ ಮನೆಗೆ ಹೊರಟರು.

ಬಟ್ಟೆ ಹಿಂಡಿಕೊಳ್ಳುತ್ತ ಬೈದುಕೊಳ್ಳುತ್ತ ನಿಂತಿದ್ದೆ. ಬಾಗಿಲಿನಿಂದ ಬಿಸಿಲು ಬಿದ್ದು ತೋಳು ಒಣಗತೊಡಗಿತು. ಸಪಾಟಾದ ಜಾಗ ಮೊದಲು ಒಣಗಿತು, ಗೀರುಗಳಲ್ಲಿ ನೀರು ಉಳಿಯಿತು. ಬೂದು ಕಬ್ಬಿಣದ ಮೇಲೆ ಕಪ್ಪು ಗೆರೆಯಲ್ಲಿ ಬರೆದಿಟ್ಟಂತೆ ಕಂಡಿತು. ಎರಡು ಗೀರು ಬೇರೆಬೇರೆ ಹೋಗುತ್ತಿರಲಿಲ್ಲ. ನಡುವೆ ಒಂದನ್ನೊಂದು ದಾಟುತ್ತಿದ್ದವು. ಯಾವ ಹದ್ದಿನ ರೆಕ್ಕೆಯೂ ಹಾಗೆ ದಾಟುವುದಿಲ್ಲ.

ಟಾರ್ಚಿನಲ್ಲಿ ಬ್ಯಾಟರಿ ಇರಲಿಲ್ಲ. ಹಬ್ಬದ ದಿನ, ಅಂಗಡಿಗಳಿಗೆ ಬೀಗ. ಉಸಿರಿನ ಯಂತ್ರದ್ದನ್ನು ಕಿತ್ತುಕೊಂಡೆ, ಮಗು ಹೇಗೂ ಗಾಡಿಯಲ್ಲಿ ನನ್ನ ಪಕ್ಕದಲ್ಲೇ ಇದ್ದಳು. ಅವಳ ಪೌಡರನ್ನು ಗೀರಿಗೆ ತುಂಬಿ, ಮೇಲಿನದನ್ನು ಒರೆಸಿ, ಬೆಳಕನ್ನು ಕಬ್ಬಿಣದ ಮೈ ಸವರುವಂತೆ ಓರೆ ಹಿಡಿದೆ. ಅಡ್ಡಹಾಯ್ದ ಎರಡು ಕತ್ತಿಗಳು, ಪಕ್ಕದಲ್ಲಿ ಐದು ಮತ್ತು ಒಂಬತ್ತು.

ಜರ್ಮನರದ್ದಲ್ಲ, ನಮ್ಮದೇ ದೇಶದ ಸೈನ್ಯದ ಮುದ್ರೆ. ಐವತ್ತೊಂಬತ್ತನೇ ಇಸವಿ. ಯುದ್ಧ ಮುಗಿದ ಮೇಲೆ ನಮ್ಮ ಕಾರ್ಖಾನೆಗಳು ಜರ್ಮನರ ಈ ಬಂಡಿಯನ್ನೇ ಅನುಕರಿಸಿ ನಮ್ಮ ಸೈನ್ಯಕ್ಕೆ ಮಾಡಿಕೊಟ್ಟವು. ಅದರಲ್ಲಿ ಸೊಂಟ ಮುರಿದುಕೊಂಡ ಹುಡುಗರು ಅದನ್ನು 'ಹಿಟ್ಲರನ ಸೇಡು' ಅಂತ ಬೈಯುತ್ತಿದ್ದರಂತೆ. ಅದೇ ಆಕಾರ, ಅದೇ ತೂಕ. ಹುಟ್ಟಿದ್ದು ಮಾತ್ರ ಹದಿನೈದು ವರ್ಷ ತಡ.

ನಾನು ಏನೂ ಹೇಳುವುದಿಲ್ಲ. ಪೌಡರು ಒರೆಸಿಬಿಟ್ಟೆ. ಕಾಣದವರಿಗೆ ತೋರಿಸಲು ನನಗೆ ಯಾರೂ ಸಂಬಳ ಕೊಟ್ಟಿಲ್ಲ. ಶನಿವಾರ ಬಂಡಿ ಹೋಗುತ್ತದೆ. ಕಿಟಕಿಯಿಂದ ಆಸ್ಪತ್ರೆಯ ಬಾಗಿಲು ಕಾಣುತ್ತದೆ.

ಏಪ್ರಿಲ್ 23

ತೋಳಿಗೆ ಬಣ್ಣ ಬಳಿದು ಬಂಡಿಗೆ ಜೋಡಿಸಿದರು. ಮುದ್ರೆಯ ಜಾಗವನ್ನು ಮಾತ್ರ ಬಣ್ಣ ಹಚ್ಚದೆ ಬಿಟ್ಟು ಎಣ್ಣೆ ಒರೆಸಿದ್ದಾರೆ, ಹದ್ದು ಚೆನ್ನಾಗಿ ಕಾಣಲಿ ಅಂತ. ಅಯ್ಯೋ.

ಏಪ್ರಿಲ್ 26

ರಾಡಿಮ್ಸ್ಕಿ ಬಂದ. ಕೆನೆ ಬಣ್ಣದ ಪ್ಯಾಂಟು ಹಾಕಿಕೊಂಡು ಕೊಟ್ಟಿಗೆಗೆ ಬರುವವನ ಬುದ್ಧಿ ಎಷ್ಟಿರಬೇಕು. ಮಾವ ಮದುವೆಯ ಕೋಟು ಹಾಕಿದ್ದರು. "ಇಂಜಿನಿಯರ್ ಸಾಹೇಬ್ರೇ" ಅಂತ ಹತ್ತು ಸಲ. ನಾನು ಮಗುವನ್ನು ಎತ್ತಿಕೊಂಡು ಬಾಗಿಲಲ್ಲಿ ನಿಂತಿದ್ದೆ, ತುಟಿ ಹೊಲಿದುಕೊಂಡು.

ಅವನು ಬಂಡಿಯ ಸುತ್ತ ಬಂದ. ಸರಿಯಾದದ್ದನ್ನು ತಪ್ಪೆಂದ, ತಪ್ಪಿದ್ದದ್ದನ್ನು ನೋಡಲೇ ಇಲ್ಲ. ಮುಂದಿನ ದೀಪದ ಹಿಡಿಯನ್ನು ಹುಲಿ ಟ್ಯಾಂಕಿನದಾ ಅಂತ ಕೇಳಿದ. ಇವನೂ! ಸಹಿಸಿದೆ. ಓಲೊಮೌತ್ಸ್, ಓಲೊಮೌತ್ಸ್ ಅಂತ ಮನಸ್ಸಿನಲ್ಲೇ ಹೇಳಿಕೊಂಡೆ.

ಆಮೇಲೆ ತೋಳಿನ ಹತ್ತಿರ ಬಗ್ಗಿದ. "ಆಹಾ! ಹದ್ದು! ಏನು ಸೊಗಸಾಗಿ ಉಳಿದಿದೆ. ಬನ್ನಿ ಅಮ್ಮಾವ್ರೇ, ನಿಮಗೂ ತೋರಿಸ್ತೀನಿ. ಹೆಂಗಸರಿಗೆ ಇದೆಲ್ಲ ಬರೀ ತುಕ್ಕು, ಅಲ್ವಾ? ಇಲ್ನೋಡಿ, ಎಡ ರೆಕ್ಕೆ, ಬಲ ರೆಕ್ಕೆ. ಇದನ್ನ ಓದೋಕೆ ಕಣ್ಣು ಪಳಗಿರಬೇಕು. ನಂಗೆ ಇಪ್ಪತ್ತು ವರ್ಷ ಹಿಡೀತು."

ಇಪ್ಪತ್ತು ವರ್ಷ!

ಮಗುವನ್ನು ವಿಲೇಮನ ಕೈಗೆ ಕೊಟ್ಟೆ. ಪೌಡರು ತಂದೆ, ಟಾರ್ಚು ತಂದೆ. ಗೀರು ತುಂಬಿದೆ, ಒರೆಸಿದೆ, ಬೆಳಕು ಓರೆ ಹಿಡಿದೆ.

"ಇಂಜಿನಿಯರ್ ಸಾಹೇಬ್ರೇ, ಈ ಹದ್ದು ರೆಕ್ಕೆನ ಕತ್ತರಿ ಥರ ಇಟ್ಕೊಂಡು ಹಾರುತ್ತಾ? ಪಕ್ಕದಲ್ಲಿ ಹುಟ್ಟಿದ ವರ್ಷ ಬೇರೆ ಬರ್ಕೊಂಡಿದೆ. ಐವತ್ತೊಂಬತ್ತು. ನಿಮ್ ಪಳಗಿದ ಕಣ್ಣಲ್ಲಿ ಓದಿ."

ಅವನು ಓದಿದ. ಕೆಂಪಾದ. ಕನ್ನಡಕ ತೆಗೆದು ಒರೆಸಿ ಮತ್ತೆ ಓದಿದ. "ಉಳಿದ ಭಾಗಗಳಿಗೆ ಏನು ಖಾತ್ರಿ?" ಅಂದ. ಪ್ಯಾಂಟು ಎತ್ತಿ ಹಿಡಿದುಕೊಂಡು ಕಾರು ಹತ್ತಿ ಹೋದ.

"ಹೆಡಾ," ಅಂದ ವಿಲೇಮ್, ಮಗುವನ್ನು ತೂಗುತ್ತ, "ನಿಂಗೆ ಹೋಗ್ಬೇಕಿತ್ತು ತಾನೇ?"

"ಅವನಿಗೆ ಕೊಡೋದಾ? ಕತ್ತಿಗೂ ಹದ್ದಿಗೂ ವ್ಯತ್ಯಾಸ ತಿಳೀದವನಿಗೆ? ನಾಳೆ ಅವನು ಅದನ್ನ ಗಾಜಿನ ಬಾಗಿಲ ಹಿಂದೆ ಇಟ್ಟು ಚೀಟಿ ಅಂಟಿಸ್ತಾನೆ ಕಣೋ, ತಪ್ಪು ಚೀಟಿ!"

ವಿಲೇಮ್ ನನ್ನನ್ನು ವಿಚಿತ್ರವಾಗಿ ನೋಡಿದ. ನಾನು ಹೇಳಿದ್ದರಲ್ಲಿ ಏನು ವಿಚಿತ್ರ?

ಏಪ್ರಿಲ್ 27

ಮಾವ ಚರ್ಚಿಗೆ ಹೋಗಲಿಲ್ಲ. ಆಲೂಗಡ್ಡೆ ಸಾರು ಬಡಿಸಿದರೆ ಮುಟ್ಟಲಿಲ್ಲ. ಮಧ್ಯಾಹ್ನ ನೋಡಿದರೆ ಬಂಡಿಯೊಳಗೆ ಸಿಪಾಯಿಗಳ ಬೆಂಚಿನ ಮೇಲೆ ಕೂತಿದ್ದಾರೆ, ಅದೇ ಮದುವೆಯ ಕೋಟಿನಲ್ಲಿ. ಬೈಯುತ್ತಾರೆಂದುಕೊಂಡೆ.

"ನಮ್ಮಪ್ಪ ಇಂಥದ್ರಲ್ಲಿ ಹೋಗಿದ್ದ," ಅಂದರು. "ಈ ಸೀಮೆ ಗಂಡಸ್ರನ್ನೆಲ್ಲ ಜರ್ಮನರು ತಮ್ಮ ಸೈನ್ಯಕ್ಕೆ ಎಳ್ಕೊಂಡು ಹೋದ್ರಲ್ಲ, ಆಗ. ವಾಪಸ್ ಬಂದ್ಮೇಲೆ ಅದರ ಬಗ್ಗೆ ಒಂದು ಮಾತಿಲ್ಲ. ಸಾಯೋ ತನಕ ಇಲ್ಲ. ಒಂದ್ಸಲ ಆ ಬಂಡೀಲಿ ಕೂತು ನೋಡ್ಬೇಕು ಅಂತಿತ್ತು ನಂಗೆ." ಅಂಗೈಯನ್ನು ತಿರುಗಿಸಿ ನೋಡಿಕೊಂಡರು. "ಈ ಕೈ ಸುಳ್ಳು ಹೇಳ್ಲಿಲ್ಲ, ದೊರೆಸಾನಿ. ಆ ಗುಳೀಗೆ ಎರಡು ವರ್ಷ ಗ್ರೀಸ್ ತುಂಬಿದ್ದು ನಿಜ. ನಮ್ಮ ಸೈನ್ಯದ ಬಂಡೀಲಿ. ಅಪ್ಪನ ಬಂಡಿ ಕಟ್ತಿದೀನಿ ಅಂತ ನನ್ನ ಬಂಡೀನೇ ಕಟ್ಕೊಂಡು ಕೂತಿದೀನಿ."

ನಾನು ಬಗ್ಗಿ ಬೆಂಚಿನ ಕೆಳಗೆ ಟಾರ್ಚಿನ ಬೆಳಕು ಬಿಟ್ಟೆ. ಅಲ್ಲಿ, ಒಳಮೈಯಲ್ಲಿ, ಮೂರು ಸಣ್ಣ ಅಕ್ಷರ, ಪಕ್ಕದಲ್ಲಿ ನಿಜವಾದ ಹದ್ದು. ರೆಕ್ಕೆ ಚಾಚಿಕೊಂಡು, ಕೋಳಿಯಷ್ಟು ಮೊದ್ದಾಗಿ.

"ಎದ್ದು ನೋಡಿ ಮಾವ. ಈ ಬೆಂಚು ನಿಮ್ಮಪ್ಪನ ಕಾಲದ್ದು. ತೋಳು ನಿಮ್ದು. ಉಳಿದಿದ್ದು ಯಾರ್ಯಾರದ್ದೋ, ಒಂದೊಂದಾಗಿ ನೋಡ್ಬೇಕು. ಮುಟ್ಟಿ ಅಲ್ಲ. ಓದಿ."

ಅವರು ಮಂಡಿಯೂರಿ ಬಹಳ ಹೊತ್ತು ಆ ಕೋಳಿಯನ್ನು ನೋಡಿದರು. ಮೂಗು ಒರೆಸಿಕೊಂಡರು. "ಎಲ್ಲಿಂದ ಶುರು ಮಾಡೋಣ?" ಅಂದರು.

ಭಾವುಕರು, ಈ ಹಾಲ್ಫಾರ್‌ಗಳು. ತುಕ್ಕು ಹಿಡಿಯುವುದೇ ಇದರಿಂದ.

ಮೇ 3

ಬಂಡಿಯ ಎಡಗಡೆಯ ಭಾಗಗಳ ಪಟ್ಟಿ ಮುಗಿಯಿತು. ಮೂರು ಭಾಗ ಕತ್ತಿ, ಉಳಿದದ್ದು ಹದ್ದು, ಒಂದನ್ನು ಓದಲು ಆಗುತ್ತಿಲ್ಲ. ಅದರ ಮೇಲೆ ಅರಗು ಹಾಕಿ ಅಚ್ಚು ತೆಗೆಯಬೇಕು. ನಾನು ಕಲಿಸಿದ ಹಾಗೆ ಮಾವ ಈಗ ಬೆಳಕನ್ನು ಓರೆ ಹಿಡಿಯುತ್ತಾರೆ. ಮೊದಲ ದಿನವೇ ಒಂದು ಬಿರುಕನ್ನು ಹದ್ದು ಅಂದರು. ಇವರನ್ನು ಬಿಟ್ಟರೆ ಆಲೂಗಡ್ಡೆಯಲ್ಲೂ ಹದ್ದು ಕಾಣುತ್ತಾರೆ.

ಅಮ್ಮ ಫೋನ್ ಮಾಡಿ ಆ ಮನೆ ಬೇರೆಯವರ ಪಾಲಾಯಿತು ಅಂದಳು. ಆಗಲಿ. ಇಷ್ಟು ಅರೆಬರೆ ಬಿಟ್ಟು ಎಲ್ಲಿಗೆ ಹೋಗುವುದು? ಬಲಗಡೆಯ ಭಾಗಗಳನ್ನು ಬಿಚ್ಚಲೇ ಇಡೀ ಬೇಸಿಗೆ ಬೇಕು.

ಈಗಷ್ಟೇ ವಿಲೇಮ್ ಮಗುವಿನ ಕೋಣೆಯಿಂದ ಕೂಗಿದ. "ಹೆಡಾ, ಉಸಿರಿನ ಯಂತ್ರದ ದೀಪ ಆರಿದೆ ಕಣೇ! ಒಳಗೆ ಬ್ಯಾಟರಿನೇ ಇಲ್ಲ!"

"ಟಾರ್ಚಲ್ಲಿದೆ."

"ಯಾವಾಗಿಂದ?"

"ಈಸ್ಟರಿಂದ."

ಅವನು ಬಾಗಿಲಿಗೆ ಬಂದು, "ತಂದು ಹಾಕ್ಲಾ?" ಅಂದ.

ಬೇಡ ಅಂದೆ. ಬೆಳಿಗ್ಗೆ ಮಾವನಿಗೆ ಟಾರ್ಚು ಬೇಕು. ಅಂಗಡಿಗೆ ಹೋದಾಗ ಬೇರೆ ತಂದರಾಯಿತು, ನೆನಪಾದರೆ. ಈ ಗಂಡಸರಿಗೆ ಎಲ್ಲದಕ್ಕೂ ಗಾಬರಿ.

ನಿದ್ದೆ ಬರುತ್ತಿದೆ.